ಮುರುಗಲ ತುಪ್ಪದ ಹೊಗೆ

ಮೊದಲ ಗುಂಡಿಗೆ ಗುರಿಹಲಗೆ ಕಾಣುತ್ತಿತ್ತು.
ಎರಡನೆಯದಕ್ಕೆ ಹಲಗೆಯ ಕಾಲು ಮಾತ್ರ.
ಮೂರನೆಯದನ್ನು ಹೊಡೆದದ್ದು
ಹಲಗೆ ಎಲ್ಲಿತ್ತೆಂಬ ನೆನಪಿಗೆ.

ಅಮದಳ್ಳಿಯಾಚೆ ಚೀರೆಕಲ್ಲು ಕಡಿದು ಬಿಟ್ಟ ಹೊಂಡ;
ನಮ್ಮ ರೈಫಲ್ ಕ್ಲಬ್ಬಿಗೆ ಅದೇ ಮೈದಾನ.
ಮೂರು ಕಡೆ ಕೆಂಪು ಗೋಡೆ. ಗಾಳಿ
ಮೇಲಿಂದ ಮೇಲೇ ದಾಟಿಹೋಗುತ್ತದೆ,
ಬಾಕಿಯಿದ್ದವನು ಅಂಗಡಿ ಮುಂದೆ ದಾಟಿದ ಹಾಗೆ.
ಕೆಳಗೆ ಕೂತ ಹೊಗೆಗೆ ಏಳುವ ಮನಸ್ಸಿಲ್ಲ.

ಪಕ್ಕದಲ್ಲಿ ಬ್ಯಾಂಕಿನ ಶಾನಭಾಗರು ಕೆಮ್ಮಿದರು:
"ಏನಮ್ಮ, ಗುಂಡೋ, ಗೇರುಬೀಜ ಸುಡುವುದೋ?"
ಎಲ್ಲರೂ ನಕ್ಕರು. ನಾನೂ ನಕ್ಕೆ,
ಕೊಂಚ ತಡವಾಗಿ.

ಸೀಸ ನನ್ನ ಮನೆಯದು.
ಅಪ್ಪನ ಹರಿದ ಬೀಸುಬಲೆಯ ಅಂಚಿನಿಂದ
ಒಂದೊಂದಾಗಿ ಬಿಡಿಸಿದ ಮಣಿಗಳು,
ನಾಲ್ಕು ದಿನ ಬಿಸಿಲಿಗಿಟ್ಟು
ಕಡಲನ್ನು ಪೂರ್ತಿ ಹೊರಡಿಸಿದ ಮೇಲೆ ಕರಗಿಸಿದ್ದು.
ಮೇಣ ಯಲ್ಲಾಪುರದ ಕಡೆಯ ಹೆಜ್ಜೇನಿನದು.
ತುಪ್ಪ ಮಾತ್ರ ಇನಾಸ ಬಾಬನ ಮನೆಯದು:
ಕಾರ್ಮೆಲಿನ ಬಾಯಿ ಹಿಮ್ಮಡಿಯ ಒಡಕಿಗೆಂದು
ಉಂಡೆ ಕಟ್ಟಿ ಗೂಡಿನಲ್ಲಿಟ್ಟ ಮುರುಗಲ ತುಪ್ಪ.
ಕದ್ದದ್ದು ಎನ್ನಲಾರೆ.
ಬಾಬ ಕೊಟ್ಟ; ಅವಳನ್ನು ಕೇಳಲಿಲ್ಲ, ಅಷ್ಟೇ.

ಆತ ಮೂವತ್ತು ವರ್ಷ ಪೊಲೀಸ್ ಶಸ್ತ್ರಾಗಾರದಲ್ಲಿ
ಬಂದೂಕು ಒರೆಸಿದವ. ಹಾರಿಸಿದ್ದು ಕಡಿಮೆ.
"ಮದ್ದಿನದೇ ತಪ್ಪು" ಎಂದೆ.
ಉತ್ತರ ಕೊಡದೆ ನನ್ನ ಡಬ್ಬಿಯಿಂದ ಒಂದು ಗುಂಡೆತ್ತಿ
ಅಂಗಿಯ ತೋಳಿಗೆ ಉಜ್ಜಿದ.
ತೋಳಿನ ಮೇಲೆ ಬಸವನಹುಳು ಹೋದಂಥ ಗೆರೆ.
ತಲೆಕೆಳಗು ಮಾಡಿ ತೋರಿದ:
ಬುಡಕ್ಕೂ ಮೇಣ.

"ಶೆವಂತಿ, ಇದು ಗುಂಡೋ,
ಎಣ್ಣೆ ತಿಕ್ಕಿಸಿಕೊಂಡ ಬಾಣಂತಿಮನೆಯ ಕೂಸೋ?
ಮದ್ದಿಗೆ ಇದು ಬೇಕಾಗಿಲ್ಲ.
ಕೈಗೆ ಸಿಕ್ಕಿತೋ, ಸುಡುತ್ತದೆ."

ನಿಜ ಹೇಳುತ್ತೇನೆ, ಹೆದರಿ ಹಚ್ಚಿದ್ದೆ.
ನಳಿಗೆಯೊಳಗೆ ಸೀಸ ಹಿಡಿದೀತು;
ಬಂದೂಕು ಕ್ಲಬ್ಬಿನದು, ಸಹಿ ನನ್ನದು;
"ಹೆಂಗಸರ ಕೈಗೆ ಕೊಟ್ಟರೆ..." ಎಂದು ಯಾರಾದರೂ
ವಾಕ್ಯ ಅರ್ಧಕ್ಕೇ ಬಿಟ್ಟಾರು.
ಅದಕ್ಕೇ ಒಂದು ಪದರ, ಅದರ ಮೇಲೊಂದು,
ಬೆರಳ ತುದಿಯಿಂದ ಇನ್ನೊಂದು,
ಬಂಗಡೆಗೆ ಮಸಾಲೆ ಬಳಿದ ಹಾಗೆ.
ಬಂಗಡೆಯಾಗಿದ್ದರೆ ಯಾರೂ ದೂರುತ್ತಿರಲಿಲ್ಲ.

ಆ ಮಧ್ಯಾಹ್ನ ಹೊಂಡದ ದಂಡೆಯ ಮೇಲೆ ಕೂತು
ನೂರಾ ಇಪ್ಪತ್ತು ಗುಂಡು ಒರೆಸಿದೆವು,
ಅವನ ಹಳೆಯ ಲುಂಗಿಯ ಚೂರಿನಲ್ಲಿ.
ಬುಡ ಚೊಕ್ಕ. ಮೈಮೇಲಿನ ಮೂರು ಕಚ್ಚಿನಲ್ಲಿ ಎರಡು ಬರಿದು;
ಕೆಳಗಿನ ಒಂದರಲ್ಲಿ ಮಾತ್ರ
ಉಗುರ ಸಂದಿಯ ಕೊಳೆಯಷ್ಟು ಮೇಣ.
"ಇಷ್ಟು ಸಾಕಾ ಬಾಬ?"
"ಸಾಲದಿದ್ದರೆ ನಳಿಗೆ ಹೇಳುತ್ತದೆ, ಗುಟ್ಟಾಗಿ.
ಹೆಚ್ಚಾದರೆ ಊರೆಲ್ಲ ಹೇಳುತ್ತದೆ."

ನಾಲ್ಕು ಗಂಟೆಗೆ ಕಡಲ ಗಾಳಿ
ಹೊಂಡದೊಳಕ್ಕೂ ಒಮ್ಮೆ ಬಗ್ಗಿ ನೋಡಿತು.
ಆದ್ದರಿಂದ ಅದಕ್ಕೂ ಒಂದು ಪಾಲು ಸಲ್ಲಬೇಕು.
ಹೊಡೆದೆ.
ಊದುಬತ್ತಿ ಆರಿಸಿದಷ್ಟು ನೀಲಿ ಎಳೆ,
ಅದೂ ಎಡಕ್ಕೆ ಬಾಗಿ ಹೋಯಿತು.
ಹಲಗೆ ಇತ್ತು. ಇದ್ದಲ್ಲೇ ಇತ್ತು.
ಎರಡನೆಯದಕ್ಕೂ. ಮೂರನೆಯದಕ್ಕೂ.

ಮತ್ತು ಮೂರೂ ತೂತುಗಳು ಕಂಡವು,
ಕಪ್ಪು ಚಂದ್ರನ ಹೊರಗೆ, ಕೆಳಗೆ, ಎಡಕ್ಕೆ,
ಒಂದರ ಪಕ್ಕ ಒಂದು,
ತಪ್ಪು ಕಾಗುಣಿತ ಮೂರು ಸಲ ಬರೆದ ಹಾಗೆ.
ಇಷ್ಟು ದಿನ ಹೊಗೆ ನನ್ನ ಪರವಾಗಿಯೇ
ಸಾಕ್ಷಿ ಹೇಳುತ್ತಿತ್ತು.

ಬಾಬ ದುರ್ಬೀನು ಇಳಿಸಿ, ಪುಸ್ತಕದಲ್ಲಿ ಬರೆದ:
ಹೊಗೆ ಇಲ್ಲ. ಆಮೇಲೆ ಪೆನ್ನಿನ ಮುಚ್ಚಳ ಹಾಕಿದ.
ಉಳಿದದ್ದು ನಾಳೆಗೆ ಎಂಬಂತೆ.

ಸಂಜೆ ಖಾಲಿ ಡಬ್ಬಿ ತೊಳೆದು ಕೊಡಲು ಹೋದೆ.
ಕಾರ್ಮೆಲಿನ ಬಾಯಿ ಗುರಿಯ ಸುದ್ದಿ ಕೇಳಲಿಲ್ಲ.
ಹೊಸ್ತಿಲಾಚೆ ನಿಂತ ನನ್ನ ಪಾದ ನೋಡಿದಳು,
ಗೂಡಿಗೆ ಕೈಹಾಕಿ
ಕೊನೆಯ ಉಂಡೆಯ ಮೂಲೆ ಮುರಿದಳು.
"ಇದು ಸೀಸಕ್ಕಲ್ಲ" ಎಂದಳು.
"ಮತ್ತೆ, ತೆಳ್ಳಗೆ ಹಚ್ಚು.
ರಾತ್ರಿ ನೆಲ ಜಾರುತ್ತದೆ."