ಹೆಪ್ಪುಗಟ್ಟದ್ದು

ಡಿಸೆಂಬರಿನ ಗೋಣಿಕೊಪ್ಪ. ಮೊದಲ ಪೀರಿಯಡ್ಡು.
ಕಾಫಿ ಕುಯ್ಲಿನ ಜೀಪುಗಳು ಹೊರಗೆ ಕೆಮ್ಮಿ ಕೆಮ್ಮಿ ಏಳುತ್ತಿವೆ.
ಕರೆಂಟಿಲ್ಲ. ಪ್ರೊಜೆಕ್ಟರಿನ ಬಣ್ಣದ ಗುಂಡುತಲೆಗಳು
ಇವತ್ತು ನನ್ನ ಕೈಹಿಡಿಯುವುದಿಲ್ಲ.

‘ಯಾರ ಡಬ್ಬಿಯಲ್ಲಿ ಪಂದಿಕರಿ ಇದೆ?’ ಅಂದೆ.
ನಕ್ಕರು. ತುಮಕೂರಿನ ಈ ಮೇಷ್ಟ್ರು ಅದನ್ನು ಮುಟ್ಟುವವನಲ್ಲ,
ಎಲ್ಲರಿಗೂ ಗೊತ್ತು.
ಯಶಿಕಾ ದೇಚಮ್ಮ ತಂದಿಟ್ಟಳು.
ಮುಚ್ಚಳ ತೆಗೆದರೆ ಕಪ್ಪು ಸಾರಿನ ಮೇಲೆ
ಬೆಳ್ಳಗೆ ಕೂತಿತ್ತು ಕೊಬ್ಬು, ಮೇಣದ ಹಾಗೆ.
ಬೆರಳಿಟ್ಟೆ. ಗುರುತು ಉಳಿಯಿತು.
ಪಕ್ಕದಲ್ಲಿ ನನ್ನ ಉಪ್ಪಿನಕಾಯಿಯ ಎಳ್ಳೆಣ್ಣೆ
ಅದೇ ಚಳಿಯಲ್ಲಿ ಆರಾಮಾಗಿ ಹರಿದಾಡುತ್ತಿತ್ತು.

ಇದರಲ್ಲಿ ನೆಟ್ಟನೆ ಬಾಲದವು ಬೇಕಾದಷ್ಟಿವೆ,
ಸೌದೆ ಪೇರಿಸಿದಂತೆ ಒತ್ತೊತ್ತಿ ಮಲಗುತ್ತವೆ.
ಅದರಲ್ಲಿ ಡೊಂಕು ಬಾಲದವೇ ಹೆಚ್ಚು,
ಡೊಂಕು ಸೌದೆ ಪೇರಿಸಿ ನೋಡಿ, ಸಂದು ಉಳಿದೇ ಉಳಿಯುತ್ತದೆ.
‘ನಾಯಿ ಬಾಲವಾ ಸಾರ್?’
ಹೌದಪ್ಪ, ನಳಿಗೆಗೆ ಹಾಕಿದರೂ ನೆಟ್ಟಗಾಗದ್ದಕ್ಕೇ
ನಾವು ಬದುಕಿದ್ದೇವೆ.

ಒಂದೊಂದು ಜೀವಕೋಶಕ್ಕೂ ಇಂಥದೊಂದು ಪೊರೆ,
ಎರಡೇ ಸಾಲು.
ತಲೆಗೆ ನೀರು ಬೇಕು, ಬಾಲಕ್ಕೆ ಬೇಡ.
ಒಳಗೂ ನೀರು, ಹೊರಗೂ ನೀರು,
ಬಾಲಗಳು ಬಾಲಗಳ ಕಡೆ ತಿರುಗಿ
ನಡುವಿನ ಕತ್ತಲಲ್ಲಿ ಒಣಗಿಯೇ ಉಳಿದಿವೆ.

ಹಿಂದಿನ ಬೆಂಚಿನಿಂದ ಅನ್ಸೀರ,
ಅವನಪ್ಪ ತೋಟಗಳಿಗೆ ಆನೆಬೇಲಿ ಎಳೆಯುವವರು:
‘ಮೊಳೆ ಎಲ್ಲಿ ಹೊಡೆದಿದ್ದಾರೆ ಸಾರ್?’

ಹನ್ನೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಮೊಳೆಯಿಲ್ಲ. ತಂತಿಯಿಲ್ಲ.
ಯಾರೂ ಯಾರ ಕೈಯನ್ನೂ ಹಿಡಿದಿಲ್ಲ.
ನೀರು ಒಳಗೆ ಬಿಟ್ಟುಕೊಳ್ಳಲಿಲ್ಲ, ಅದಕ್ಕೇ ಇವು ಒಟ್ಟಾದವು, ಅಷ್ಟೆ.
ರೆಪ್ಪೆ ಬಡಿಯುವುದರೊಳಗೆ ಲಕ್ಷ ಸಲ
ನೆರೆಯವರನ್ನು ಬದಲಿಸುತ್ತವೆ,
ಆದರೂ ಬೇಲಿ ಬೇಲಿಯಾಗಿಯೇ ಇರುತ್ತದೆ;
ಬೇಕಾದ್ದಕ್ಕೆ ಗೇಟು, ಗೇಟಿಗೊಬ್ಬ ಕಾವಲು.
ಇರ್ಪಿನ ಹೊಳೆಯ ಮೀನಿಗೂ ಇದೇ ಬೇಲಿ,
ನೀರು ತಣ್ಣಗಾದಂತೆ ಅದು
ಡೊಂಕು ಬಾಲಗಳನ್ನು ಹೆಚ್ಚಿಸಿಕೊಳ್ಳುತ್ತದೆ,
ಯಾರೂ ಹೇಳಿಕೊಡದೆ.

ಗಂಟೆ ಹೊಡೆಯಿತು. ದೇಚಮ್ಮ ಹೋಗಲಿಲ್ಲ.
ಚೀಲದಿಂದ ಮಡಚಿದ ಚೀಟಿ: ಅವಳ ಅಪ್ಪನ ರಕ್ತಪರೀಕ್ಷೆ,
ಕೊಲೆಸ್ಟರಾಲಿನ ಮುಂದೆ ಕೆಂಪು ಗೆರೆ.
‘ಮನೆಯಲ್ಲಿ ಎಲ್ಲ ನಿಲ್ಲಿಸಿದ್ದಾರೆ. ಈ ಡಬ್ಬಿ ಚಿಕ್ಕಮ್ಮ ಕೊಟ್ಟದ್ದು.
ಅದು ವಿಷವಾ ಸಾರ್?’

ರಕ್ತನಾಳದಲ್ಲಿ ಜಾಸ್ತಿಯಾದರೆ ಡಾಕ್ಟರ ಮಾತು ಕೇಳಬೇಕು.
ಪೊರೆಯಲ್ಲಿ ಮಾತ್ರ ಅದು ಬಾಲಗಳ ನಡುವೆ ನುಗ್ಗಿ ನಿಂತು
ಸೆಕೆಗೆ ತೀರ ಸಡಿಲಾಗಲು ಬಿಡುವುದಿಲ್ಲ,
ಚಳಿಗೆ ಪೂರಾ ಸೆಟೆಯಲೂ ಬಿಡುವುದಿಲ್ಲ.
‘ಅಂದ್ರೆ ನಮ್ಮ ಅಪ್ಪನ ಥರ,’ ಅಂದಳು.
ನಗಲೋ ಬೇಡವೋ ತಿಳಿಯಲಿಲ್ಲ.

ಅಷ್ಟರಲ್ಲಿ ಕಿಟಕಿಗೆ ಬಿಸಿಲು ಬಂದಿತ್ತು.
ಡಬ್ಬಿಯಲ್ಲಿ ಕೊಬ್ಬು ಅಂಚಿನಿಂದ ಕರಗುತ್ತ
ನನ್ನ ಬೆರಳಿನ ಗುರುತನ್ನು ಮೆಲ್ಲಗೆ ತುಂಬಿಕೊಂಡಿತು.
ಅವಳು ಮುಚ್ಚಳ ಹಾಕಿಕೊಂಡು ಹೋದಳು.
ಸೋಪು ಹಾಕಿ ಕೈ ತೊಳೆಯಲು ಎದ್ದವನು
ನಲ್ಲಿಯ ಮುಂದೆ ಸುಮ್ಮನೆ ನಿಂತೆ.