ಅಳತೆ

ನಗರ್ತಪೇಟೆಯ ಓಣಿಯಲ್ಲಿ ನನ್ನ ಮಿಷನ್ನು.
ಬೆಳಿಗ್ಗೆ ಸಕ್ಕರೆ ನೋಡಲು ಒಂದು ಚುಚ್ಚು,
ಹಗಲೆಲ್ಲ ರವಿಕೆಯ ಹುಕ್ಕಿಗೆ ಹತ್ತು.
ಮೊದಲು ಬೆರಳು ಬಾಯಿಗಿಟ್ಟರೆ ನಿಲ್ಲುತ್ತಿತ್ತು;
ಈಗ ರಕ್ತ, ಬಾಕಿ ವಸೂಲಿಗೆ ಬಂದವನ ಹಾಗೆ,
ಹೊಸ್ತಿಲು ಬಿಡುವುದಿಲ್ಲ.

ಎದೆ ತಾಳ ತಪ್ಪಿದೆ, ಹೆಪ್ಪುಗಟ್ಟಿ ತಲೆಗೇರೀತು
ಎಂದು ಕೊಟ್ಟ ಹಳೇ ಮಾತ್ರೆ ಅಗ್ಗ.
ಆದರೆ ತಿಂಗಳಿಗೊಮ್ಮೆ ರಕ್ತ ಕೊಡಬೇಕು,
ದಂಟಿನ ಸೊಪ್ಪು ಹೆಚ್ಚಾದರೂ ತಗಾದೆ.
ನಾಲ್ಕು ವರ್ಷ ನರಸಮ್ಮ
ಸಾರಿಗೆ ಸೊಪ್ಪನ್ನು ಹಿಡಿಹಿಡಿ ಎಣಿಸಿ ಹಾಕಿದಳು.

"ಹೊಸದಕ್ಕೆ ಹೋಗೋಣ" ಅಂದ ಡಾಕ್ಟರಮ್ಮ
ಬರೆಯುವ ಮುಂಚೆ ನಿಂತರು.
ಕ್ರಿಯಾಟಿನಿನ್ ಎಷ್ಟು, ವಯಸ್ಸೆಷ್ಟು, ತೂಕವೆಷ್ಟು.
ಬಟ್ಟೆಗೆ ಕತ್ತರಿ ಹಾಕುವ ಮುಂಚಿನ
ಆ ನಿಲುವು ನನಗೆ ಗೊತ್ತು.
"ಸಕ್ಕರೆ ನಿಮ್ಮ ಕಿಡ್ನಿ ಸವೆಸಿದೆ, ಚೌಡಪ್ಪ.
ಸೋಸೋದು ಕಮ್ಮಿಯಾದರೆ ಔಷಧಿ ಒಳಗೇ ಉಳಿಯುತ್ತೆ.
ಮೂರು ತಿಂಗಳಿಗೆ ಬನ್ನಿ, ನೋಡಿ ಬದಲಿಸೋಣ."

ಮೈ ಒಂದೇ ಅಳತೆಯಲ್ಲಿ ನಿಲ್ಲದು ಅಂತ
ನಾನು ಹೊಲಿಗೆಯೊಳಗೆ ಅಂಗುಲ ಬಟ್ಟೆ ಬಿಡುತ್ತೇನೆ.
ನನ್ನನ್ನು ಹೊಲಿದವನು ಎಷ್ಟು ಬಿಟ್ಟಿದ್ದಾನೋ,
ಪ್ರತಿ ಸಲ ಅವರು ಬಿಚ್ಚಿ ನೋಡುತ್ತಾರೆ.

ಮಾತ್ರೆಯ ದುಡ್ಡಿಗೆ
ಈ ದಸರಾಕ್ಕೆ ಹನ್ನೊಂದು ರವಿಕೆ ಹೆಚ್ಚು.
ಅಂಗುಸ್ತಾನ ಹಾಕ್ಕೋ ಅನ್ನುತ್ತಾಳೆ ನರಸಮ್ಮ.
ನಲವತ್ತು ವರ್ಷ ಹಾಕದವನು
ಇವತ್ತು ಹಾಕಿಕೊಂಡೆ.
ದೊಗಲೆ.