ಬಚ್ಚಿಟ್ಟವನ ಮುಖ

ಮೂವತ್ತೊಂದು ವರ್ಷ ಮೀಟರ್ ಓದಿದವನು ನಾನು.
ಯಾರ ಮನೆಯ ಕೀಲಿ ಯಾವ ಕುಂಡದಡಿ,
ಯಾರದು ಸೌದೆ ಒಟ್ಟಿಲಿನ ಸಂದಿಯಲ್ಲಿ,
ಯಾರದು ನಾಯಿಗೂಡಿನಲ್ಲಿ, ನಾಯಿಯ ಹೊಟ್ಟೆಯಡಿ ಬೆಚ್ಚಗೆ,
ಎಲ್ಲ ಗೊತ್ತು.
ಒಂದನ್ನೂ ಮುಟ್ಟಿದವನಲ್ಲ.

ಪೆನ್ಷನ್ ಬಂದ ತಿಂಗಳು ತಂಗಿಯ ಮಗ ಬೋಪಯ್ಯ
ಫೋನಿಗೊಂದು ಆಟ ಹಾಕಿಕೊಟ್ಟ.
ಡಬ್ಬಿಯೊಂದನ್ನು ಬಚ್ಚಿಡುವುದು,
ಅಕ್ಷಾಂಶ ರೇಖಾಂಶ ಊರಿಗೆಲ್ಲ ಹೇಳುವುದು,
ಸಿಕ್ಕವರು ಒಳಗಿನ ಚೀಟಿಗೆ ಹೆಸರು ಗೀಚಿ
ಇದ್ದ ಹಾಗೇ ಇಟ್ಟು ಹೋಗುವುದು.
ಬಹುಮಾನ ಏನೋ, ಎಂದೆ.
ಏನಿಲ್ಲ ಮಾವ, ಜಿಯೋಕ್ಯಾಶ್, ಎಂದ.
ಏನಿಲ್ಲವೆಂದರೆ ನನ್ನ ಜಾತಿಯ ಆಟವೇ.

ಮೊದಲು ಬೋಲ್ಟು.
ಬೇತು ರಸ್ತೆಯಲ್ಲಿ ತಂತಿ ಬಿಚ್ಚಿ ಹತ್ತು ವರ್ಷವಾದ ಸತ್ತ ಕಂಬ;
ನಾಲ್ಕು ಬೋಲ್ಟು ಕಂಬದ್ದು, ಐದನೆಯದು ನನ್ನದು,
ಟೊಳ್ಳು, ಅಯಸ್ಕಾಂತದ ಹಲ್ಲಿನದು.
ಆಮೇಲೆ ತೋಟಾ.
ಕೈಲ್‌ಪೊಳ್ದ್ ಮುಗಿದ ಮರುದಿನ, ತೆಂಗಿನಕಾಯಿಗೆ ಗುಂಡು ಹೊಡೆದ ಮರದಡಿ
ಹೆಕ್ಕಿದ ಖಾಲಿ ಕೊಳವೆ. ಚೀಟಿ ಸುರುಳಿ ಸುತ್ತಿ, ಮೇಣ ಮೆತ್ತಿ,
ಅದೇ ಮರದ ಬಿರುಕಿಗೇ ತುರುಕಿದೆ.
ಶಾಲೆಯ ಮೈದಾನದ ಬೇಲಿಗೆ ಗೂಟವಾಗಿ ನಿಂತ
ಗೋಲಿಯ ಮುರಿದ ಹಾಕಿ ಕೋಲು, ಅದರ ಹಿಡಿಯನ್ನು ಕೊರೆದೆ.
ಗೋಣಿನಾರು, ಸಿಮೆಂಟು, ಒಣಹುಲ್ಲು ಕಲಸಿ
ಕಕ್ಕಬೆ ತಿರುವಿನಲ್ಲಿ ಆನೆಯ ಲದ್ದಿ ಮಾಡಿಟ್ಟೆ.
ಅಷ್ಟು ಚೆನ್ನಾಗಿ ಆಗಬಾರದಿತ್ತು.
ಮಧ್ಯಾಹ್ನಕ್ಕೆ ಫಾರೆಸ್ಟಿನವರು ಪಟಾಕಿ ಹಿಡಿದು ಬಂದರು,
ಎಸ್ಟೇಟಿನ ಕೆಲಸ ಅರ್ಧಕ್ಕೇ ನಿಂತಿತು,
ಗಾರ್ಡ್ ಮುತ್ತಣ್ಣ ಬೆರಳಿಂದ ಒತ್ತಿ ನೋಡಿ
'ನಿನ್ನೆಯದು' ಎಂದ.
ನಾನು ಜನರ ಹಿಂದೆ ನಿಂತು ತಲೆಯಾಡಿಸಿದೆ.

ಕೈಮಡದಲ್ಲಿ ಇಡಲಿಲ್ಲ, ದೇವರಕಾಡಿನಲ್ಲಿ ಇಡಲಿಲ್ಲ.
ಅಲ್ಲಿ ಮೊದಲೇ ಬಚ್ಚಿಟ್ಟುಕೊಂಡವರಿದ್ದಾರೆ.

ಮೈಸೂರಿಂದ ಹುಡುಗರು ಬೈಕಿನಲ್ಲಿ ಬಂದರು,
ಮಳೆಯಲ್ಲಿ ಉಂಬಳ ಕಚ್ಚಿಸಿಕೊಂಡು, ಸುಣ್ಣ ಹಚ್ಚಿಕೊಂಡು.
ನಾನು ಚೀಟಿ ಬಿಚ್ಚಿ ನೋಡುವಾಗ ಪ್ರತಿಯೊಂದರಲ್ಲೂ
ಅವರ ಹೆಸರಿಗಿಂತ ಮೇಲೆ, ಮೊದಲ ಸಾಲಿನಲ್ಲಿ,
ಒಂದು ಕೆಂಪು ಹೊಲಿಗೆ.
ಬರೆದದ್ದಲ್ಲ. ಸೂಜಿ ಹಾಕಿ, ದಾರ ಎಳೆದು, ಹಿಂದೆ ಗಂಟು.
ಲದ್ದಿಯಲ್ಲೂ!

ನಾಪೋಕ್ಲು ಬಸ್‌ಸ್ಟ್ಯಾಂಡಿನೆದುರು
ಒಂದು ಮೆಷಿನ್, ಒಂದು ಸ್ಟೂಲು, ಅದೇ ಐಸಮ್ಮನ ಅಂಗಡಿ.
ಖಾಕಿ ಅಂಗಿಯ ಕಾಲರ್ ತಿರುಗಿಸಿ ಹೊಲಿಸಲು ಕೊಟ್ಟಿದ್ದೆ.
ದಾರದ ಉಂಡೆ ನೋಡಿದೆ. ಅವಳನ್ನು ನೋಡಿದೆ.
ಜಿಪಿಎಸ್ ಇದೆಯಾ ನಿನ್ನಲ್ಲಿ?
ಅದೆಂಥದ್ದು, ಎಂದಳು, ಹಲ್ಲಿನಿಂದ ದಾರ ಕಡಿದು.
'ಇಟ್ಟು ಬಂದ ದಿನ ನಿನ್ನ ಮುಖ ಬಸ್ಸಿನಿಂದ ಇಳಿಯುವುದೇ ಬೇರೆ, ಮೀಟ್ರಪ್ಪ.
ಯಾವ ಬಸ್ಸು ಅಂತ ನೋಡುತ್ತೇನೆ.
ಚಪ್ಪಲಿಗೆ ಯಾವ ಮಣ್ಣು ಅಂತ ನೋಡುತ್ತೇನೆ.
ಉಳಿದದ್ದು ನಡೆದರೆ ಸಿಗುತ್ತದೆ.'

ಮತ್ತೆ ಪೆಡಲ್ ತುಳಿದಳು. ತಲೆ ಎತ್ತದೆ ಹೇಳಿದಳು:
'ನಾನೂ ಒಂದು ಇಟ್ಟಿದ್ದೇನೆ. ಮೂರು ವರ್ಷವಾಯಿತು.
ನೀನು ದಿನಾ ಅದರ ಪಕ್ಕದಲ್ಲೇ.'

ಹುಡುಕಿದೆ.
ಬಸ್‌ಸ್ಟ್ಯಾಂಡಿನ ಸಿಮೆಂಟು ಬೆಂಚಿನಡಿ, ಅಂಚೆ ಡಬ್ಬದ ಬೆನ್ನಿನಲ್ಲಿ,
ಅವಳ ಸ್ಟೂಲಿನ ಮುರುಕು ಕಾಲಿನಲ್ಲಿ, ಅವಳು ಚಹಾಕ್ಕೆ ಹೋದಾಗ.
ಹೊಳೆಯ ಸೇತುವೆಯ ಮೇಲೆ ನಿಂತು
ಇಡೀ ಊರನ್ನೊಂದು ಬೀಗ ಹಾಕಿದ ಮನೆಯಂತೆ ನೋಡಿದೆ.
ಮಳೆಗಾಲ ಕಳೆಯಿತು, ಕಿತ್ತಳೆ ಬಂತು, ಕಾಫಿ ಕೊಯ್ದು ಮುಗಿಯಿತು.

ನಿನ್ನೆ ರಾತ್ರಿ ಕತ್ತು ತುರಿಸಿತು.
ಬ್ಲೇಡಿನಿಂದ ಕಾಲರಿನ ಹೊಲಿಗೆ ಬಿಚ್ಚಿದೆ:
ಬೆರಳಗಲದ ಬಟ್ಟೆಯ ಚೀಟಿ,
ತುದಿಯಲ್ಲೊಂದು ಕೆಂಪು ಹೊಲಿಗೆ,
ಕೆಳಗೆಲ್ಲ ಖಾಲಿ.

ಹೆಸರು ಬರೆಯಲು ಪೆನ್ಸಿಲ್ ಹುಡುಕಿದೆ,
ಮೇಜು, ಕಿಟಕಿ, ಹಳೆಯ ಮೀಟರ್ ಪುಸ್ತಕದ ನಡುವೆ.
ಎಲ್ಲೂ ಇಲ್ಲ.
ಕಿವಿಯ ಮೇಲಿತ್ತು.